ಮೂರು ದಿನ ಇಟ್ಟುಕೊಂಡವರು

ಹೋದ ತಿಂಗಳು ಹುಮನಾಬಾದಿನಿಂದ ಒಂದು ಫೋನು ಬಂತು. ನಾನು ಹಿಂದೆ ಹನ್ನೊಂದು ವರ್ಷ ಕನ್ನಡ ಕಲಿಸಿದ ಖಾಸಗಿ ಹೈಸ್ಕೂಲಿನ ಈಗಿನ ಹೆಡ್‌ಮಾಸ್ತರರು ಮಾತಾಡಿದರು. ಅಲ್ಲಿ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. "ಬಾಯಾರ, ಗಣಿತದ ಸರ್ ತೀರಿಕೊಂಡ್ರು. ಶನಿವಾರ ಮುಂಜಾನಿ ಶಾಲ್ಯಾಗ ಶ್ರದ್ಧಾಂಜಲಿ ಸಭಾ ಇಟ್ಟೀವ್ರಿ. ಅವರನ್ನ ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ನೀವು ಬಂದು ನಾಲ್ಕ ಮಾತು ಆಡಬೇಕು."

ಆಗಲಿ ಎಂದೆ. ಫೋನು ಇಟ್ಟ ಮೇಲೆ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಒಂದು ಥರದ ಸಮಾಧಾನವಾದರೂ ಆಗುತ್ತದೇನೋ ಎಂದು ಕಾದೆ. ಅದೂ ಆಗಲಿಲ್ಲ. ಹಸಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದವಳು ಮುರಿಯುತ್ತಲೇ ಹೋದೆ. ಆವತ್ತಿನ ಪಲ್ಯಕ್ಕೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಮುರಿದಿಟ್ಟಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಗಳು ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಸರ್ ಎಂದರೆ ಸಾಕು. ಹುಮನಾಬಾದಿನಲ್ಲಿ ಮೂವತ್ತು ವರ್ಷಗಳಲ್ಲಿ ಗಣಿತ ಕಲಿತವರಿಗೆಲ್ಲ ಅವರು ಬರೀ ಸರ್.

ನೋಡಲು ಸಾದಾ ಮನುಷ್ಯ. ಗಿಡ್ಡ ಆಳು, ತೋಳು ಮಡಚಿದ ಬಿಳಿ ಅಂಗಿ, ಹಲಗೆಯ ಮೇಲೆ ಬರೆದು ಬರೆದು ಬೆರಳ ಸಂದಿಯಲ್ಲಿ ನಿಂತುಬಿಟ್ಟ ಖಡುವಿನ ಬಿಳುಪು, ದವಡೆಯಲ್ಲಿ ಸದಾ ಒಂದು ಲವಂಗ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಅವರ ಎದುರು ಕೂಗಾಡಿದರೆ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಂಡು ಕಾಯುತ್ತಿದ್ದರು. ಕೂಗುವವರು ದಣಿಯುತ್ತಿದ್ದರು.

ನಮ್ಮಿಬ್ಬರ ಮನೆಯೂ ಬಸವಕಲ್ಯಾಣದಲ್ಲಿ. ಏಳೂಕಾಲರ ಬಸ್ಸಿಗೆ ಹೋಗುತ್ತಿದ್ದೆವು. ಬಸ್ಸು ಹೈವೇ ಸೇರಿ, ರಾಜೇಶ್ವರ ದಾಟಿ, ಹುಮನಾಬಾದ್ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ಗಂಟೆ. ಹನ್ನೊಂದು ವರ್ಷ ದಿನಾ ಆ ಒಂದು ಗಂಟೆ ಅವರ ಪಕ್ಕದಲ್ಲಿ ಕುಳಿತು ನಾನು ಕಲಿತದ್ದು ಬಿ.ಎಡ್.ನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಇದನ್ನು ಇವತ್ತೂ ಅಲ್ಲಗಳೆಯಲಾರೆ. ಅದೇ ನನ್ನ ಸಂಕಟ.

ಮೊದಲ ವರ್ಷದ ಮಾತು. ಒಂಬತ್ತನೆಯ ತರಗತಿಯಲ್ಲಿ ಒಂದು ಹಳಗನ್ನಡ ಪದದ ಅರ್ಥ ತಪ್ಪು ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಸರಿಯಾದದ್ದನ್ನು ಹೇಳಿದಳು. ತರಗತಿ ಗೊಳ್ಳೆಂದಿತು. ಅವಳನ್ನು ಹೊರಗೆ ನಿಲ್ಲಿಸಿ, ಪಾಠ ಅರ್ಧಕ್ಕೆ ಬಿಟ್ಟು ಸ್ಟಾಫ್ ರೂಮಿಗೆ ಬಂದೆ. ಪುಸ್ತಕವನ್ನು ಮೇಜಿನ ಮೇಲೆ ಒಗೆದೆ. ಸರ್ ಒಬ್ಬರೇ ಇದ್ದರು.

"ಬಾಯಾರ, ಈಗ ನಿಮಗ ಏನಾಗ್ಯದ?"

"ಏನಾಗ್ಯದ ಅಂದ್ರ? ಸಿಟ್ಟು ಬಂದದ್ರಿ ಸರ್. ಎಷ್ಟು ಸೊಕ್ಕು ಆ ಹುಡುಗೀಗಿ!"

"ಸಿಟ್ಟಲ್ಲ ಅದು. ನಾಚಿಕಿ. ನಾಚಿಕಿಗಿ ಸಿಟ್ಟಿನ ಅಂಗಿ ತೊಡಸೀರಿ ನೀವು. ಬಿಚ್ಚಿ ನೋಡ್ರಿ."

ಬಿಚ್ಚಿ ನೋಡಿದೆ. ಖರೆಯೇ. ಮರುದಿನ ತರಗತಿಯಲ್ಲಿ ನಿಂತು, ನಿನ್ನೆ ನಾನೇ ತಪ್ಪು ಹೇಳಿದ್ದೆ ಎಂದೆ. ಹುಡುಗಿಯನ್ನು ಮುಂದಿನ ಸಾಲಿಗೆ ಕರೆದೆ. ಆಮೇಲೆ ಆ ತರಗತಿ ನನ್ನ ಕೈಯಲ್ಲಿ ಬೆಣ್ಣೆಯಾಯಿತು.

ಇದೇ ಅವರ ವಿದ್ಯೆ. ಮನುಷ್ಯ ತಾನು ವಿಚಾರ ಮಾಡಿ ಒಂದು ಮಾತಿಗೆ ಬಂದೆ ಅಂದುಕೊಳ್ಳುತ್ತಾನೆ, ಆದರೆ ಮನಸ್ಸು ಮೊದಲೇ ಅಲ್ಲಿಗೆ ಹೋಗಿ ಕುಳಿತಿರುತ್ತದೆ, ವಿಚಾರ ಹಿಂದಿನಿಂದ ಓಡಿ ಬಂದು ಕಾರಣ ಹೇಳುತ್ತದೆ ಎನ್ನುತ್ತಿದ್ದರು. "ಖುಷಿ ಇದ್ದಾಗ ಊರೆಲ್ಲಾ ಬೀಗರು, ಸಿಟ್ಟು ಬಂದಾಗ ತಮ್ಮನೂ ದುಶ್ಮನ್. ಊರು ಅದೇ, ತಮ್ಮ ಅವನೇ." ಹುಮನಾಬಾದಿನ ಸಂತೆಗೆ ಹೋಗುವ ಮೊದಲು ಗಾಡಿಯವನ ಹತ್ತಿರ ಎರಡು ಬಾಳೆಹಣ್ಣು ತಿನ್ನುತ್ತಿದ್ದರು. ಹಸಿದು ಸಂತೆ ಮಾಡಬಾರದಂತೆ, ಹೊಟ್ಟೆ ಕಣ್ಣಿಗೆ ಸುಳ್ಳು ಹೇಳುತ್ತದಂತೆ. ನನಗೆ ನಗು. ಆದರೆ ನಾನೂ ತಿನ್ನತೊಡಗಿದೆ.

ಘಾಟಬೋರಾಳದ ಒಬ್ಬ ರೈತ ಒಂದು ದಿನ ಶಾಲೆಗೆ ನುಗ್ಗಿದ್ದು ನೆನಪಿದೆ. ಮಗಳು ಹತ್ತನೆಯ ತರಗತಿ. ಬಸ್ ಸ್ಟ್ಯಾಂಡಿನಲ್ಲಿ ಅವಳು ಯಾರೊಡನೆಯೋ ನಿಂತು ಮಾತಾಡುತ್ತಿದ್ದಳೆಂದು ಯಾರೋ ಊರಲ್ಲಿ ಹೇಳಿದ್ದಾರೆ. "ಟಿ.ಸಿ. ಕೊಡ್ರಿ, ಸಾಕು ಸಾಲಿ," ಎಂದು ಮೇಜು ಕುಟ್ಟಿದ. ಮಗಳು ಬಾಗಿಲ ಹತ್ತಿರ ನಿಂತು ಸೆರಗಿನಂತೆ ದುಪಟ್ಟಾ ಕಚ್ಚಿಕೊಂಡಿದ್ದಳು. ಹೆಡ್‌ಮಾಸ್ತರರು ಅರ್ಜಿ ಬರೆಯಿರಿ ಎನ್ನುವಷ್ಟರಲ್ಲಿ ಸರ್ ಬಂದು ಅವನ ಪಕ್ಕದ ಕುರ್ಚಿ ಎಳೆದುಕೊಂಡರು.

"ಯಜಮಾನ್ರ, ಮನೀಂದ ಎಷ್ಟೊತ್ತಿಗಿ ಬಿಟ್ಟಿರಿ?"

"ನಸುಕಿನ್ಯಾಗ."

"ಊಟ?"

"ಊಟದ ಮಾತ್ಯಾಕ್ರಿ ಈಗ?"

"ಸಿಟ್ಟು ಬಂದವ ಉಂಡು ಬರ್ತಾನ. ಅಂಜಿದವ ಉಪವಾಸ ಬರ್ತಾನ. ನೀವು ಅಂಜೀರಿ. ಮಗಳಿಗಿ ಏನರ ಆದೀತಂತ ಅಂಜೀರಿ. ಅಂಜಿಕಿಗಿ ಟಿ.ಸಿ. ಔಷಧ ಅಲ್ಲ."

ಆ ಮನುಷ್ಯ ಅಲ್ಲೇ ಕಣ್ಣಿಗೆ ರುಮಾಲು ಒತ್ತಿಕೊಂಡು ಅತ್ತ. ಸರ್ ಭಜಿ ತರಿಸಿ ತಿನ್ನಿಸಿದರು. ಆ ವರ್ಷವಿಡೀ ಮಗಳನ್ನು ನಮ್ಮ ಶಾಲೆಯ ಆಯಾ ಬಸ್ಸು ಹತ್ತಿಸುವಂತೆ ಏರ್ಪಾಡಾಯಿತು. ಆಕೆ ಈಗ ಮನ್ನಾಏಖೇಳ್ಳಿಯ ಕಡೆ ನರ್ಸ್. ಹೋದ ವರ್ಷ ಅಲ್ಲಿ ನನ್ನ ತವರಿಗೆ ಹೋದಾಗ ಸಿಕ್ಕಿದ್ದಳು. "ಸರ್ ಇಲ್ಲದಿದ್ರ ನಾ ಇಲ್ರಿ ಬಾಯಾರ," ಎಂದಳು. ನಾನು ಹೌದು ಎಂದೆ. ಇನ್ನೇನು ಹೇಳಲಿ?

ಎಲ್ಲರ ಮನಸ್ಸನ್ನು ಓದುವವರಿಗೆ ತಮ್ಮದೊಂದು ಪುಟ ಓದಲು ಬರುತ್ತಿರಲಿಲ್ಲ. ಅದು ಮಗಳು. ಒಬ್ಬಳೇ ಮಗಳು, ಗಡಿಯಾಚೆ ಉಮರ್ಗಾದ ಕಡೆ ಕೊಟ್ಟಿದ್ದರು. ಹೆರಿಗೆ ನೋವು ಶುರುವಾಯಿತೆಂದು ಅವರಿಗೆ ಶಾಲೆಗೆ ಫೋನು ಬಂದ ದಿನ ನಾನು ಪಕ್ಕದ ತರಗತಿಯಲ್ಲಿದ್ದೆ. ಹೋಗಿರಿ ಎಂದರೂ ಹೋಗಲಿಲ್ಲ. "ನಾ ಹೋಗಿ ಏನ್ ಮಾಡ್ತೀನಿ," ಎಂದು ತರಗತಿಗೆ ಹೋದರು. ಪಿರಿಯಡ್ ಮುಗಿದ ಮೇಲೆ ಆ ಕೋಣೆಗೆ ನಾನು ಹೋದಾಗ ಹಲಗೆಯ ತುಂಬ ಒಂದೇ ಲೆಕ್ಕವನ್ನು ಮೂರು ಸಲ ಬಿಡಿಸಿದ್ದರು. ಮೂರು ಉತ್ತರ ಬೇರೆ ಬೇರೆ. ಮಕ್ಕಳು ಸುಮ್ಮನೆ ಮೂರನ್ನೂ ಬರೆದುಕೊಂಡಿದ್ದರು. ಎಂಥ ಪ್ರೀತಿ ಎಂದುಕೊಂಡು ಹಲಗೆ ಒರೆಸಿದೆ. ಇಂಥ ಮನುಷ್ಯನೂ ಎಲ್ಲಿ ತಪ್ಪಬಹುದು ಎಂದು ಅವತ್ತು ಯೋಚಿಸಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲಿನ ಸಂಗತಿ ಇನ್ನೊಂದಿದೆ. ನನ್ನ ಏಳನೆಯ ವರ್ಷ. ಪಾಲಕರ ಸಭೆಯಲ್ಲಿ ಸಂಸ್ಥೆಯ ಕಾರ್ಯದರ್ಶಿ ನನ್ನ ಮೇಲೆ ಹರಿಹಾಯ್ದರು. ಫಲಿತಾಂಶ ಕಡಿಮೆಯಾದದ್ದು ಇಂಗ್ಲಿಷಿನಲ್ಲಿ. ಎದುರಿಗೆ ಸಿಕ್ಕಿದ್ದು ಕನ್ನಡದ ನಾನು. "ಸೀರಿ ಉಟಗೊಂಡು ಬಂದು ಕುಂತು ಹೋಗೂದು ನೌಕರಿ ಅಲ್ಲ," ಎಂದರು, ನೂರು ಜನರೆದುರು. ಸ್ಟಾಫ್ ರೂಮಿಗೆ ಬಂದವಳೇ ರಾಜೀನಾಮೆ ಬರೆದೆ. ವೈಯಕ್ತಿಕ ಕಾರಣಗಳಿಂದ, ಸ್ವಇಚ್ಛೆಯಿಂದ ಎಂದೆಲ್ಲ ನೀಟಾಗಿ ಬರೆದು ಸಹಿ ಮಾಡಿದೆ. ತಾರೀಖು ಹಾಕಲು ಹೊರಟಾಗ ಸರ್ ಪೆನ್ನಿನ ಮೇಲೆ ಬೆರಳಿಟ್ಟರು.

"ತಾರೀಖು ಹಾಕಬ್ಯಾಡ್ರಿ. ಮೂರು ದಿನ ನನ್ನ ಹಂತ್ಯಾಕ ಇರಲಿ. ಮೂರು ದಿನ ಆದ ಮ್ಯಾಲೂ ಕೊಡಬೇಕನಸ್ತಂದ್ರ ತಾರೀಖು ಹಾಕಿ ನೀವೇ ಕೊಡ್ರಿ. ನಾ ಅಡ್ಡ ಬರೂದಿಲ್ಲ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಎರಡನೆಯ ದಿನಕ್ಕೇ ನನ್ನ ಸಿಟ್ಟು ಇಳಿದಿತ್ತು. ಮೂರನೆಯ ದಿನ ಬಸ್ಸಿನಲ್ಲಿ, "ಹರದು ಒಗೀರಿ ಸರ್, ನಿಮ್ಮಿಂದ ಉಳಕೊಂಡೆ," ಎಂದೆ. ಅವರು ತಲೆಯಾಡಿಸಿದರು. ಮತ್ತೆ ಕೇಳುವ ಪ್ರಮೇಯವೇ ಬರಲಿಲ್ಲ. ಯಾಕೆ ಬರಬೇಕು? ಅಪ್ಪನ ಕೈಗೆ ಕೊಟ್ಟ ಚಾವಿಯನ್ನು ಯಾರಾದರೂ ಎಣಿಸಿ ತೆಗೆದುಕೊಳ್ಳುತ್ತಾರೆಯೇ?

ನಾಲ್ಕು ವರ್ಷ ಕಳೆಯಿತು. ಹನ್ನೊಂದನೆಯ ವರ್ಷದ ಬೇಸಿಗೆ ರಜೆಗೆ ಸ್ವಲ್ಪ ಮೊದಲು ಸರ್ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ತಿರುಗಿ ಹೋಗುವುದಿಲ್ಲ ಎಂದಳಂತೆ. ಗಂಡ ಕೈ ಮಾಡುತ್ತಿದ್ದನಂತೆ. ಬಸ್ಸಿನಲ್ಲಿ ಸರ್ ಮಾತು ನಿಂತೇಹೋಯಿತು. ನಾನೇ ಕೇಳಿದೆ, "ಸರ್, ಈಗ ನಿಮಗ ಏನಾಗ್ಯದ?" ಅವರ ಪ್ರಶ್ನೆಯನ್ನೇ ಅವರಿಗೆ. ಕಿಟಕಿಯ ಆಚೆ ನೋಡುತ್ತ, "ಏನಿಲ್ರಿ. ಬಿಸಲು," ಎಂದರು. ಮಗಳು ಕನ್ನಡದಲ್ಲಿ ಎಂ.ಎ., ಬಿ.ಎಡ್. ಮಾಡಿದ್ದಳು. ಅದು ನನಗೆ ಗೊತ್ತಿತ್ತು. ಅವಳ ಓದಿಗೆ ನನ್ನ ಟಿಪ್ಪಣಿಗಳನ್ನು ಕೊಟ್ಟವಳೇ ನಾನು.

ರಜೆ ಮುಗಿದು ಶಾಲೆ ತೆರೆದ ದಿನ ಸರ್ ಬಸ್ಸಿಗೆ ಬರಲಿಲ್ಲ. ನಾನು ಒಬ್ಬಳೇ ಹೋದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಜಾಗದಲ್ಲಿ ಇನ್ನೊಂದು ಹೆಸರಿತ್ತು. ಗುಮಾಸ್ತ ಮುಖ ಎತ್ತದೆ ಒಂದು ಫೈಲು ತೆರೆದು ತೋರಿಸಿದ. ನನ್ನ ರಾಜೀನಾಮೆ. ನನ್ನ ಅಕ್ಷರ, ನನ್ನ ಸಹಿ, ನಾಲ್ಕು ಮಡಿಕೆಯ ಗೆರೆ. ತಾರೀಖು ಮಾತ್ರ ಬೇರೆ ಶಾಯಿಯಲ್ಲಿ. ಅದರಲ್ಲೊಂದು ಏಳು ಇತ್ತು. ಏಳರ ಸೊಂಟಕ್ಕೆ ಅಡ್ಡ ಗೆರೆ. ನಮ್ಮ ಶಾಲೆಯಲ್ಲಿ ಏಳನ್ನು ಹಾಗೆ ಬರೆಯುವವರು ಒಬ್ಬರೇ.

ಕಾರ್ಯದರ್ಶಿ ಕೇಳಿದ್ದು ಒಂದೇ ಪ್ರಶ್ನೆ. "ಸಹಿ ನಿಮ್ಮದಲ್ಲೇನ್ರಿ?"

ನನ್ನದೇ. ಹೊರಗೆ ಬರುವಾಗ ಸ್ಟಾಫ್ ರೂಮಿನ ಬಾಗಿಲು ಹಿಡಿದು ಒಂದು ಗಳಿಗೆ ನಿಂತೆ. ಒಳಗೆ, ನನಗಿಂತ ಮೊದಲೇ ಬಂದಿದ್ದ ಸರ್ ಮಗಳು ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಬದಿಗೆ ಕುಳಿತಿದ್ದಳು.

ಅಲ್ಲಿಂದ ನೇರ ಬಸವಕಲ್ಯಾಣಕ್ಕೆ, ಅವರ ಮನೆಗೆ ಹೋದೆ. ಕೋಟೆಯ ಹಿಂದಿನ ಓಣಿ. ಅಂಗಳದ ನೆರಳಲ್ಲಿ ಮೊಮ್ಮಗಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ, ತುತ್ತು ನಿಲ್ಲಿಸಲೂ ಇಲ್ಲ.

"ನೀವೇ ಕೊಟ್ರೇನು ಸರ್?"

"ನಾನೇ."

"ಹರದು ಒಗೀರಿ ಅಂದಿದ್ದೆ."

"ಒಗೀಬೇಕಂತನೇ ಇಟ್ಟಿದ್ದೆ. ಮರತೆ. ರಜಾದಾಗ ಹಳೇ ಡೈರ್ಯಾಗ ಸಿಕ್ತು." ಅವರು ಕೂಸಿನ ಬಾಯಿ ಒರೆಸಿದರು. "ಬಾಯಾರ, ನೀವು ಅದನ್ನ ಸಿಟ್ಟಿನ್ಯಾಗ ಬರದ್ರಿ. ನಾ ಮಗಳ ಮಮತೇಲಿ ಕೊಟ್ಟೆ. ಇದರಾಗ ವಿಚಾರ ಮಾಡಿ ಯಾರೂ ಏನೂ ಮಾಡಿಲ್ಲ. ನಿಮಗ ಗಂಡ ಇದ್ದಾನ, ಅಂಗಡಿ ಅದ. ಈಕಿಗಿ ಏನದ?"

"ತಾರೀಖು ಯಾರು ಹಾಕಿದ್ರು? ತಾರೀಖು ಹಾಕಾಕ ವಿಚಾರ ಮಾಡಬೇಕಾಗ್ತದ ಸರ್. ಯಾವ ದಿನ ಹಾಕಿದ್ರ ನಡೀತದಂತ ಕೂತು ನೋಡಬೇಕಾಗ್ತದ."

ಅವರು ತಾಟಿನ ಅನ್ನವನ್ನು ಮತ್ತೆ ಕಲಸಿದರು. ಲವಂಗ ಇರಲಿಲ್ಲ ಬಾಯಲ್ಲಿ, ಆದರೂ ದವಡೆ ಆಡಿತು. ಆಮೇಲೆ ಹೇಳಿದರು, "ಸಿಕ್ಕ ಮ್ಯಾಲ ಮೂರು ದಿನ ಇಟಗೊಂಡಿದ್ದೆ. ಮೂರು ದಿನ ಆದ ಮ್ಯಾಲೂ ಕೊಡಬೇಕನಸ್ತು."

ನನ್ನನ್ನು ಕಾಪಾಡಿದ ಮಾತನ್ನೇ ನನ್ನ ಕತ್ತಿಗೆ ಹಿಡಿದಿದ್ದರು. ಅವರು ಹೆದರಿ ಹೇಳಿದ್ದರೆ, ಅತ್ತು ಹೇಳಿದ್ದರೆ, ನಾನೂ ಅತ್ತು ಬರುತ್ತಿದ್ದೆನೇನೋ. ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದರು. ಕೂಸು ಇನ್ನೊಂದು ತುತ್ತಿಗೆ ಬಾಯಿ ತೆರೆದಿತ್ತು. ನಾನು ಹೊರಟು ಬಂದೆ.

ನನ್ನ ಗಂಡ ಕಂಪ್ಲೇಂಟ್ ಕೊಡೋಣ, ವಕೀಲರನ್ನು ನೋಡೋಣ ಎಂದ. ಅವನದು ಬಟ್ಟೆಯಂಗಡಿ. ಅಲ್ಲಿ ಬರುವ ವಕೀಲರೊಬ್ಬರು ದಾರಿ ಇದೆ ಎಂದಿದ್ದರು. ನಾನು ಬೇಡವೆಂದೆ. ಯಾಕೆಂದು ಅವನಿಗೆ ಹೇಳಲಿಲ್ಲ. ಎಲ್ಲರೆದುರು ನಿಂತು, ಸಹಿ ಮಾಡಿದ ಖಾಲಿ ತಾರೀಖಿನ ಕಾಗದವನ್ನು ನಾನೇ ಇನ್ನೊಬ್ಬರ ಜೇಬಿಗೆ ಹಾಕಿದೆ, ನಾಲ್ಕು ವರ್ಷ ಕೇಳಲಿಲ್ಲ ಎಂದು ಹೇಳಬೇಕಿತ್ತು. ನೌಕರಿ ಹೋದ ನೋವಿಗಿಂತ ಮೂರ್ಖಳಾದ ನಾಚಿಕೆ ದೊಡ್ಡದಾಗಿತ್ತು. ಆ ನಾಚಿಕೆಯನ್ನು ಗುರುತಿಸಲು ಕಲಿಸಿದವರೂ ಅವರೇ ಎಂಬುದು ಇನ್ನೂ ಉರಿಯುತ್ತಿತ್ತು.

ಎರಡು ತಿಂಗಳ ಮೇಲೆ ರಾಜೇಶ್ವರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದೇ ಏಳೂಕಾಲರ ಬಸ್ಸು. ಸರ್ ಮತ್ತು ಮಗಳು ಅದೇ ಬಸ್ಸಿನಲ್ಲಿ. ಮಗಳು ಹೆಂಗಸರ ಸೀಟಿನಲ್ಲಿ ಮುಂದೆ ಕೂಡುತ್ತಿದ್ದಳು. ಸರ್ ಮೊದಲಿನ ಜಾಗದಲ್ಲೇ, ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟು. ನಾನು ಹತ್ತಿದಾಗ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ಕಂಬಿ ಹಿಡಿದು ನಿಂತೇ ರಾಜೇಶ್ವರದವರೆಗೆ ಹೋಗುತ್ತಿದ್ದೆ. ಎಂಟು ಹತ್ತು ದಿನ ಹೀಗೇ ನಡೆಯಿತು. ಒಂದು ದಿನ ಅವರು ಚೀಲ ತೆಗೆಯಲಿಲ್ಲ. ಮೂರು ವರ್ಷದ ಮೇಲೆ ನಿವೃತ್ತರಾಗಿ, ಮಗಳಿಗೆ ಅನುಕೂಲವೆಂದು ಮನೆ ಹುಮನಾಬಾದಿಗೆ ಬದಲಾಯಿಸಿದರು.

ಅವರು ನನ್ನಿಂದ ತೆಗೆದುಕೊಂಡದ್ದು ನೌಕರಿಯೊಂದೇ ಅಲ್ಲ. ಆಮೇಲೆ ನಾನು ಯಾರೆದುರೂ, ನನಗೆ ಹೀಗನಿಸುತ್ತಿದೆ ಎಂದು ಹೇಳದವಳಾದೆ. ಗಂಡ ಮುಖ ನೋಡಿ ಏನಾಯಿತೆಂದರೆ ಏನಿಲ್ಲ ಎನ್ನುತ್ತಿದ್ದೆ. ಅಕ್ಕ ಫೋನು ಮಾಡಿ ಅತ್ತರೆ ಸಮಾಧಾನ ಹೇಳುತ್ತಿದ್ದೆ, ನನ್ನದು ಹೇಳುತ್ತಿರಲಿಲ್ಲ. ಮನಸ್ಸನ್ನು ಬಿಚ್ಚಿಟ್ಟರೆ ಯಾರೋ ಮಡಚಿ ಜೇಬಿಗೆ ಹಾಕಿಕೊಂಡು, ತಮಗೆ ಬೇಕಾದ ದಿನ ತಾರೀಖು ಹಾಕುತ್ತಾರೆ ಎಂಬ ಭಯ ಒಂಬತ್ತು ವರ್ಷವಾದರೂ ಹೋಗಿಲ್ಲ.

ಶನಿವಾರ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದೆ. ಹಾಲಿನಲ್ಲಿ ಮಕ್ಕಳು ಜಮಖಾನದ ಮೇಲೆ ಸಾಲಾಗಿ ಕುಳಿತಿದ್ದರು. ಮೇಜಿನ ಮೇಲೆ ಅವರ ಫೋಟೋ. ಮಗಳು ಎರಡನೆಯ ಸಾಲಿನ ಕುರ್ಚಿಯಲ್ಲಿ, ಕಣ್ಣು ಬಾತಿತ್ತು. ಮೈಕು ನನ್ನ ಕೈಗೆ ಬಂತು. ಮಕ್ಕಳ ಮುಖ ನೋಡಿದೆ.

"ಸರ್ ಗಣಿತವನ್ನು ಬಹಳ ಚೆನ್ನಾಗಿ ಕಲಿಸುತ್ತಿದ್ದರು," ಎಂದೆ. "ಎದುರಿಗೆ ನಿಂತವರಿಗೆ ಸಿಟ್ಟು ಬಂದಿದೆಯೋ, ಅಂಜಿಕೆಯೋ, ನಾಚಿಕೆಯೋ ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಾಗುತ್ತಿತ್ತು." ಇನ್ನೊಂದು ವಾಕ್ಯ ನಾಲಗೆಯ ತುದಿಯವರೆಗೆ ಬಂತು. ಮೈಕು ಕೊಟ್ಟು ಕುಳಿತುಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಲು ಹೋಗಿ, ತಟ್ಟಬಾರದೆಂದು ನೆನಪಾಗಿ ನಿಲ್ಲಿಸಿದರು.

ಸಭೆ ಮುಗಿದು ತರಗತಿಗಳು ಶುರುವಾಗುವ ಮೊದಲು ಮಗಳು ನನ್ನನ್ನು ಸ್ಟಾಫ್ ರೂಮಿಗೆ ಕರೆದೊಯ್ದು ಚಹಾ ಕೊಟ್ಟಳು. ನಾವಿಬ್ಬರೇ ಇದ್ದೆವು.

"ಬಾಯಾರ, ನಾ ನಿಮಗ ಒಂದ ಸಲಾನೂ ಥ್ಯಾಂಕ್ಸ್ ಹೇಳಿಲ್ಲ. ಅಪ್ಪ ಯಾವಾಗ್ಲೂ ಹೇಳ್ತಿದ್ರು. ನನ್ನ ಪರಿಸ್ಥಿತಿ ನೋಡಿ ನೀವಾಗೇ ಖುಷೀಲೆ ಈ ಜಾಗಾ ಬಿಟ್ಟುಕೊಟ್ರಂತ. ನಿಮ್ಮಂಥವರು ಸಿಗೂದಿಲ್ಲಂತ."

ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ. ಪತ್ರ ಕೊಟ್ಟದ್ದು ಒಂದು, ಇದು ಎರಡನೆಯದು. ನನ್ನಿಂದ ಕಸಿದುಕೊಂಡದ್ದನ್ನು ನಾನೇ ಕೊಟ್ಟ ದಾನವೆಂದು ಮನೆಯಲ್ಲಿ ಹೇಳಿಟ್ಟಿದ್ದರು. ಮನುಷ್ಯರ ಮನಸ್ಸು ಬಲ್ಲವರು. ಉಪಕಾರ ನೆನೆಸುವವರ ಎದುರು ಯಾರೂ ಕೂಗಾಡಲಾರರು ಎಂಬುದು ಅವರಿಗೆ ಗೊತ್ತಿತ್ತು. ನನ್ನ ಸಿಟ್ಟನ್ನೂ ತೆಗೆದುಕೊಂಡು ಹೋಗಿದ್ದರು.

ಹೂಂ ಎನ್ನುವುದು ಸುಲಭವಿತ್ತು. ತಂದೆ ಸತ್ತು ಹದಿನೈದು ದಿನವಾಗದ ಮಗಳು. ಆದರೆ ನನಗೆ ಹಾಗೆನ್ನಲು ಆಗಲಿಲ್ಲ.

"ನಾ ಬಿಟ್ಟುಕೊಟ್ಟಿಲ್ಲವ್ವಾ," ಎಂದೆ. ಸಿಟ್ಟಿನಲ್ಲಿ ಬರೆದ ಕಾಗದ, ಅವರ ಜೇಬು, ಬೇರೆ ಶಾಯಿಯ ತಾರೀಖು, ಅಂಗಳದಲ್ಲಿ ಅವರು ಆಡಿದ ಮಾತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಒಂಬತ್ತು ವರ್ಷ ಹೊತ್ತದ್ದು ಇಷ್ಟೇ ಇತ್ತೇ ಎನಿಸಿತು.

ಅವಳು ಅಳುತ್ತಾಳೆ, ಇಲ್ಲವೆ ನನ್ನಪ್ಪ ಅಂಥವರಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನನಗ ಅನುಮಾನ ಇತ್ರಿ," ಎಂದಳು. "ಸಾಲಿ ಸುರು ಆದ ದಿನ ನೀವು ಈ ಬಾಗಲಾ ಹಿಡಕೊಂಡು ನಿಂತದ್ದು ನಾ ನೋಡೀನಿ. ಖುಷೀಲೆ ಬಿಟ್ಟವರು ಹಂಗ ನಿಲ್ಲೂದಿಲ್ಲ."

"ಹಂಗಾದ್ರ ಯಾಕ ಕೇಳಲಿಲ್ಲ?"

"ಕೇಳಿದ್ರ ತಿರುಗಿ ಕೊಡಬೇಕಾಗ್ತದಂತ ಅಂಜಿಕಿ ಬಂತ್ರಿ. ಕೂಸು ಸಣ್ಣದಿತ್ತು."

"ಮತ್ತ ಈಗ ಥ್ಯಾಂಕ್ಸ್ ಯಾಕ ಹೇಳಿದಿ?"

ಅವಳು ನೆಲ ನೋಡಿದಳು. "ನೀವು ಹೂಂ ಅಂದಿದ್ರ ಅಪ್ಪ ಹೇಳಿದ್ದು ಖರೇ ಆಗ್ತಿತ್ತು."

ಗಂಟೆ ಹೊಡೆಯಿತು. ಮೇಜಿನ ಮೇಲೆ ಅವಳ ಪಠ್ಯಪುಸ್ತಕ ತೆರೆದು ಬೋರಲಾಗಿ ಬಿದ್ದಿತ್ತು. ಹತ್ತನೆಯ ತರಗತಿಯ ಕನ್ನಡ. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಲೋ ಬೇಡವೋ ಎಂದು ನನ್ನನ್ನೇ ನೋಡುತ್ತ ನಿಂತಳು. ವೆರಾಂಡದಾಚೆ ಮಕ್ಕಳ ಗದ್ದಲ ಏರುತ್ತಿತ್ತು.

"ಹೋಗು," ಎಂದೆ. "ಮಕ್ಕಳು ಕಾಯಾಕತ್ತಾವ."

ಅವಳು ಪುಸ್ತಕ ತೆಗೆದುಕೊಂಡು ಹೋದಳು. ಕ್ಷಮಿಸಿ ಹೇಳಿದೆನೋ, ಸೋತು ಹೇಳಿದೆನೋ, ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗದ್ದಲ ಅಡಗಿ, ಅವಳು ಗಟ್ಟಿಯಾಗಿ ಪಾಠ ಓದುವ ದನಿ ಕೇಳಿಸಿತು. ಒಂದು ಕಡೆ ತಪ್ಪು ಓದಿದಳು. ಯಾವುದೋ ಹುಡುಗಿ ತಿದ್ದುತ್ತಾಳೇನೋ ಎಂದು ಕಾದೆ. ಯಾರೂ ತಿದ್ದಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.